ಹಳೆಯ ಹೆಸರಿನ ಸ್ಪೋರ್ಟ್ಸ್ ಕಾರು: ಮರಳಿ ಬರುವುದು ಯಾರಿಗಾಗಿ?

2001ರಲ್ಲಿ ಕಣ್ಮರೆಯಾಗಿದ್ದ ‘ಪ್ರಿಲ್ಯೂಡ್’ ಕಾರನ್ನು ಹೋಂಡಾ ಕಂಪನಿಯು 2025ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಮರಳಿ ತಂದಿತು. ತಿಂಗಳಿಗೆ 300 ಕಾರು ಮಾರುವುದು ಕಂಪನಿಯ ಗುರಿಯಾಗಿತ್ತು. ಮೊದಲ ತಿಂಗಳಲ್ಲೇ ಸುಮಾರು 2,400 ಬುಕಿಂಗ್ ಬಂದವು. ನಿಂತುಹೋದ ಸ್ಪೋರ್ಟ್ಸ್ ಕಾರುಗಳಿಗೆ ಮರುಜೀವ ನೀಡಬೇಕೆಂದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ.

ಆದರೆ ಹಾಗೆ ಬುಕ್ ಮಾಡಿದವರಲ್ಲಿ ಹೆಚ್ಚಿನವರು ಐವತ್ತು, ಅರವತ್ತರ ಪ್ರಾಯದವರು. ಯೌವನದಲ್ಲಿ ಕಂಡ ಕಾರನ್ನು ಈಗ ಕೈಯಲ್ಲಿ ಹಣವಿರುವಾಗ ಕೊಳ್ಳುತ್ತಿರುವವರು. ಸುಮಾರು 62 ಲಕ್ಷ ಯೆನ್ ಬೆಲೆಯ ಈ ಕಾರನ್ನು ಇಪ್ಪತ್ತೈದರ ತರುಣ ಸುಲಭವಾಗಿ ಕೊಳ್ಳಲಾರ. ಇಂಥ ಗ್ರಾಹಕರ ಸಾಲು ಮುಗಿದ ಮೇಲೆ ಮುಂದೇನು ಎಂಬುದೇ ಕಾರು ಕಂಪನಿಗಳನ್ನು ಕಾಡುವ ಪ್ರಶ್ನೆ.

ಅಷ್ಟಕ್ಕೂ ಈ ಕಾರುಗಳು ನಿಂತದ್ದು ಯಾರದೋ ದುರುದ್ದೇಶದಿಂದಲ್ಲ. ಜಪಾನಿನಲ್ಲಿ ಹೊಗೆ ನಿಯಮ ಬಿಗಿಯಾದಾಗ ಟೊಯೊಟಾ ಸುಪ್ರಾ, ನಿಸಾನ್ ಸ್ಕೈಲೈನ್ ಜಿಟಿ-ಆರ್, ಮಾಜ್ದಾ ಆರ್‌ಎಕ್ಸ್-7 ಮೂರೂ 2002ರಲ್ಲಿ ತೆರೆಮರೆಗೆ ಸರಿದವು. ಕೆಲವೇ ಸಾವಿರ ಕಾರುಗಳಿಗಾಗಿ ಎಂಜಿನ್ ಅನ್ನು ಹೊಸದಾಗಿ ರೂಪಿಸುವುದು ಲಾಭದ ಮಾತಾಗಿರಲಿಲ್ಲ. 2001ರ ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’ ಚಿತ್ರ ಸುಪ್ರಾವನ್ನು ಜಗತ್ತಿಗೇ ಪರಿಚಯಿಸಿದ್ದು ನಿಜ. ಆದರೆ ಅಷ್ಟರಲ್ಲಿ ಅಮೆರಿಕದಲ್ಲಿ ಅದರ ಮಾರಾಟ ನಿಂತು ಮೂರು ವರ್ಷವಾಗಿತ್ತು!

ಇದೇ ಸುಪ್ರಾದ ಮರುಹುಟ್ಟು ಹೆಚ್ಚು ಪಾಠ ಹೇಳುತ್ತದೆ. ಸಾಲಾಗಿ ನಿಂತ ಆರು ಸಿಲಿಂಡರ್‌ಗಳ ಎಂಜಿನ್ ಆ ಕಾರಿನ ಜೀವಾಳ. ಹೊಸ ಸುಪ್ರಾಕ್ಕೆ ಬೇಕಾದ ಅಂಥ ಎಂಜಿನ್ ಟೊಯೊಟಾ ಬಳಿ ಇರಲಿಲ್ಲ, ಬಿಎಂಡಬ್ಲ್ಯು ಬಳಿ ಇತ್ತು. ಹೀಗಾಗಿ ಬಿಎಂಡಬ್ಲ್ಯು ಜೆಡ್4 ಜತೆ ತಳಹದಿಯನ್ನು ಹಂಚಿಕೊಂಡು, ಆಸ್ಟ್ರಿಯಾದ ಗ್ರಾಜ್ ನಗರದ ಕಾರ್ಖಾನೆಯಲ್ಲಿ ತಯಾರಾದ ಸುಪ್ರಾ 2019ರಲ್ಲಿ ಹೊರಬಂತು. ಮೊದಲ ಕಾರು ಅಮೆರಿಕದ ಹರಾಜಿನಲ್ಲಿ 21 ಲಕ್ಷ ಡಾಲರ್ ತಂದಿತು. ‘ಇದು ಟೊಯೊಟಾ ಹೆಸರು ಹೊತ್ತ ಜರ್ಮನ್ ಕಾರು’ ಎಂದು ಮೂಗು ಮುರಿದವರೂ ಇದ್ದರು. ಆದರೆ ಪಾಲುದಾರಿಕೆ ಇಲ್ಲದಿದ್ದರೆ ಆ ಕಾರೇ ಇರುತ್ತಿರಲಿಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಇದರ ಉತ್ಪಾದನೆಯನ್ನೂ 2026ರ ಮಾರ್ಚ್‌ನಲ್ಲಿ ನಿಲ್ಲಿಸುವುದಾಗಿ ಟೊಯೊಟಾ ಪ್ರಕಟಿಸಿತ್ತು.

ಪ್ರಿಲ್ಯೂಡ್ ಹಿಡಿದದ್ದು ಬೇರೆ ದಾರಿ. ಸಿವಿಕ್ ಟೈಪ್ ಆರ್‌ನ ಸಸ್ಪೆನ್ಷನ್ ಎರವಲು ಪಡೆದು, ಹೈಬ್ರಿಡ್ ಎಂಜಿನ್ ಅಳವಡಿಸಿಕೊಂಡಿತು. ಅಮೆರಿಕದ ಆವೃತ್ತಿಯ ಶಕ್ತಿ 200 ಅಶ್ವಶಕ್ತಿ, ಟೈಪ್ ಆರ್‌ನದು 315. ಅಭಿಮಾನಿಗಳ ಗೊಣಗಾಟಕ್ಕೆ ಇದೇ ಕಾರಣ. ಆದರೆ ಹಳೆಯ ಪ್ರಿಲ್ಯೂಡ್ ಕೂಡ ಬರೀ ವೇಗಕ್ಕೆ ಹೆಸರಾಗಿರಲಿಲ್ಲ. 1987ರಲ್ಲೇ ನಾಲ್ಕೂ ಚಕ್ರ ತಿರುಗುವ ಸ್ಟೀರಿಂಗ್ ತಂದ ಕಾರು ಅದು. ಹೊಸ ತಂತ್ರಜ್ಞಾನವೇ ಅದರ ಪರಂಪರೆ ಎಂದಾದರೆ ಹೈಬ್ರಿಡ್ ಅಪಚಾರವಲ್ಲ.

ನಿಜವಾದ ಅಪಚಾರ ನಡೆದಿರುವುದು ಬೇರೆಡೆ. ಎರಡು ಬಾಗಿಲಿನ ಮಿತ್ಸುಬಿಷಿ ಎಕ್ಲಿಪ್ಸ್ 2017ರಲ್ಲಿ ‘ಎಕ್ಲಿಪ್ಸ್ ಕ್ರಾಸ್’ ಎಂಬ ಎಸ್‌ಯುವಿಯಾಯಿತು. 1986ರಲ್ಲಿ ನಿಂತಿದ್ದ ಫೋರ್ಡ್ ಕ್ಯಾಪ್ರಿ 2024ರಲ್ಲಿ ವಿದ್ಯುತ್ ಚಾಲಿತ ಎಸ್‌ಯುವಿಯಾಗಿ ಬಂತು. ಹೆಸರೊಂದನ್ನೇ ಉಳಿಸಿಕೊಂಡು ಉಳಿದೆಲ್ಲವನ್ನೂ ಬಿಟ್ಟುಕೊಡುವುದಾದರೆ ಹೊಸ ಹೆಸರಿಡಲು ಅಡ್ಡಿಯೇನು?

ಕನ್ನಡಿಗರಿಗೂ ಇದು ತೀರಾ ಅಪರಿಚಿತ ಕಥೆಯಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಬೈಕುಗಳು ಮರಳಿ ಬಂದವು, ಆದರೆ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಕಾರುಗಳ ವಿಷಯದಲ್ಲಿ ಭಾರತದ ಅನುಭವ ಇನ್ನೂ ಚಿಕ್ಕದು. 2025ರ ಅಕ್ಟೋಬರ್‌ನಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ ಅನ್ನು ಮರಳಿ ತಂದಾಗ ಬೆಲೆ 49.99 ಲಕ್ಷ ರೂಪಾಯಿ. ಹೊರದೇಶದಿಂದ ಪೂರ್ಣ ತಯಾರಾಗಿಯೇ ಬಂದ ಕಾರುಗಳು ಕೇವಲ 100. ಅವಷ್ಟೂ ಖರ್ಚಾದವು. ನಷ್ಟದ ಭಯವಿಲ್ಲದ ಈ ಲೆಕ್ಕಾಚಾರವೇ ಸದ್ಯಕ್ಕೆ ವಿವೇಕದ್ದು. ಇಲ್ಲಿಯೇ ತಯಾರಿಸಿ ಬೆಲೆ ಇಳಿಸಬೇಕೆಂದರೆ ನೂರರ ಜಾಗದಲ್ಲಿ ಸಾವಿರಾರು ಗ್ರಾಹಕರು ಬೇಕು. ಅಭಿಮಾನಿಗಳೆನ್ನುವವರಲ್ಲಿ ಎಷ್ಟು ಮಂದಿ ಎಸ್‌ಯುವಿ ಬಿಟ್ಟು ಆ ಸಾಲಿಗೆ ಬರುತ್ತಾರೆ ಎಂಬುದು ಶೋರೂಮ್‌ಗಳಲ್ಲೇ ತೀರ್ಮಾನವಾಗಬೇಕು.