ಕ್ಷಿಪಣಿ ಹಾರುವ ದಿನ ದೋಣಿಗೆ ಕೂಲಿ ಯಾರು ಕೊಡಬೇಕು?

ಮಕ್ಕಳೇ, ಅಗ್ನಿ ಕ್ಷಿಪಣಿ ಹಾರಿತು ಅಂತ ಟಿವಿಯಲ್ಲಿ ಬಂದರೆ ನೀವು ಚಪ್ಪಾಳೆ ತಟ್ಟುತ್ತೀರಿ. ನಾನೂ ತಟ್ಟುತ್ತೇನೆ. ನಮ್ಮ ಸೀಮೆಗೆ ರಾಕೆಟ್ಟು ಹೊಸದೇನಲ್ಲ. ಸೇಲಂ, ಬಾರಾಮಹಲ್ ಎಲ್ಲ 1792ರವರೆಗೆ ಟಿಪ್ಪುವಿನ ಕೈಯಲ್ಲಿದ್ದವು. ಅವನ ರಾಕೆಟ್ಟಿನ ಕೊಳವೆ ಕಬ್ಬಿಣದ್ದು. ಕಾಗದದ ಕೊಳವೆ ಅನಿಲದ ಒತ್ತಡಕ್ಕೆ ಸಿಡಿದುಹೋಗುತ್ತದೆ, ಕಬ್ಬಿಣ ತಡೆದುಕೊಳ್ಳುತ್ತದೆ. ಅದಕ್ಕೇ ಅದು ಅಷ್ಟು ದೂರ ಹೋಗುತ್ತಿತ್ತು.

ಈಗಿನ ಅಗ್ನಿ-5 ಹೋಗುವುದು 5,000 ಕಿಲೋಮೀಟರ್. ಉರಿದು ಮುಗಿದ ಹಂತಗಳು ಕಳಚಿ ಎಲ್ಲಾದರೂ ಬೀಳಬೇಕಲ್ಲ! ಊರಿನ ಮೇಲೆ ಬೀಳಬಾರದು ಅಂತಲೇ ಒಡಿಶಾದ ವೀಲರ್ ದ್ವೀಪವನ್ನು ಆರಿಸಿದ್ದು. 2015ರಿಂದ ಅದರ ಹೆಸರು ಅಬ್ದುಲ್ ಕಲಾಂ ದ್ವೀಪ. ಮುಂದೆ ಬರೀ ಸಮುದ್ರ.

'ಬರೀ' ಅಂದದ್ದು ನನ್ನ ತಪ್ಪು. ಆ ಸಮುದ್ರದಲ್ಲಿ ಮೀನುಗಾರರ ದೋಣಿಗಳಿವೆ. ಹತ್ತಿರದ ಗಹಿರ್‌ಮಾಥಾ ದಂಡೆಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ; ರಾತ್ರಿ ದೀಪ ಉರಿದರೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ತೆವಳುತ್ತವೆ. 2024ರ ಜುಲೈನಲ್ಲಿ ಚಾಂದಿಪುರದಲ್ಲಿ ಒಂದು ಪರೀಕ್ಷೆಗಾಗಿ 10 ಹಳ್ಳಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಿ ಕೂರಬೇಕಾಯಿತು.

ಪರೀಕ್ಷೆಯೇ ಬೇಡ ಅಂತ ನಾನು ಹೇಳೋದಿಲ್ಲ. ಪರೀಕ್ಷಿಸದ ಕ್ಷಿಪಣಿ ಇನ್ನೂ ಅಪಾಯ. ಆದರೆ ಖರ್ಚಿನ ಪಟ್ಟಿಯಲ್ಲಿ ಇಂಧನದ ಪಕ್ಕದಲ್ಲೇ ಆ ದಿನ ಕಡಲಿಗಿಳಿಯದ ದೋಣಿಯ ಕೂಲಿಯನ್ನೂ ಬರೆಯಬೇಕು. ಆಮೇಲೆ ಅರ್ಜಿ ಹಿಡಿದು ಅಲೆಸದೆ, ಹಿಂದಿನ ದಿನವೇ ಕೈಗೆ ಕೊಡಬೇಕು. ಕಲಾಂ ಅವರ ತಂದೆಯೂ ರಾಮೇಶ್ವರದಲ್ಲಿ ದೋಣಿ ಇಟ್ಟುಕೊಂಡಿದ್ದವರೇ.