ನಾಯಿಮರಿಗೆ ಬೇಕಿರುವುದು ಮನೆ

ಡಿಫೆನ್ಸ್ ಕಾಲೊನಿ ಮೇಲ್ಸೇತುವೆಯ ಕೆಳಗಿನ ಫ್ರೆಂಡಿಕೋಸ್ ನಾಲ್ಕು ದಶಕಕ್ಕೂ ಮಿಗಿಲಾಗಿ ದೆಹಲಿಯ ಅನಾಥ ಪ್ರಾಣಿಗಳನ್ನು ಸಲಹುತ್ತಿದೆ. ಬೀದಿಯಲ್ಲಿ ಸಿಕ್ಕ ಮರಿಯನ್ನು ಇಂಥ ಕಡೆ ಬಿಟ್ಟು ಬಂದರೆ ಪುಣ್ಯ ಬಂತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಲಸಿಕೆಯಾಗದ ಎಳೆಮರಿಗೆ ನಾಯಿಗಳು ಕಿಕ್ಕಿರಿದ ಜಾಗದಲ್ಲಿ ಪಾರ್ವೊ ರೋಗ ತಗುಲಿದರೆ ಉಳಿಯುವುದು ಕಷ್ಟ.

ತಾಯಿ ಹತ್ತಿರವಿದ್ದರೆ ಮರಿಯನ್ನು ಎತ್ತಲೇಬಾರದು. ಇಲ್ಲದಿದ್ದರೆ ಬೆಚ್ಚನೆಯ ಮೂಲೆ, ಆರೆಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು; ಇಷ್ಟನ್ನು ಯಾವ ಮನೆಯವರಾದರೂ ಮಾಡಬಹುದು.

ಬೀದಿನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬೀಳಬಾರದು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿದೆ. ವರ್ಗಾವಣೆಯ ನೌಕರಿಯಲ್ಲಿರುವ ನಾವು ಇದನ್ನು ನೆನಪಿಡಬೇಕು. ಊರು ಬಿಡುವಾಗ ನಾಯಿಯನ್ನೂ ಬಿಡುವವರು ಸಾಕುವುದೇ ಬೇಡ. ಉಳಿದ ಸದಸ್ಯರಲ್ಲಿ ಹತ್ತು ಮನೆಯವರು ಮುಂದೆ ಬಂದರೂ ಈ ಚಳಿಗೆ ಹತ್ತು ಜೀವ ಉಳಿದಾವು.