ಕದ ತೆರೆದ ಅಂತರ್ಜಾಲ, ಕೈಗೆ ಬಾರದ ಕಾಸು

ಶಿಕಾರಿಪುರ ತಾಲೂಕಿನ ತೊಗರ್ಸಿಯಲ್ಲೋ ಪಕ್ಕದ ಸೊರಬ ಸೀಮೆಯ ಹಳ್ಳಿಯೊಂದರಲ್ಲೋ ಹಾಡುವ ಯುವಕನೊಬ್ಬ ತನ್ನ ಧ್ವನಿಯನ್ನು ನಾಡಿಗೆ ಕೇಳಿಸಬೇಕೆಂದರೆ ಎರಡೂವರೆ ದಶಕಗಳ ಹಿಂದೆ ಅವನ ಮುಂದಿದ್ದುದು ಎರಡು ಮೂರು ದಾರಿಗಳು ಮಾತ್ರ. ಭದ್ರಾವತಿ ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗುವುದು, ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದರ ಮಾಲೀಕರ ಮನವೊಲಿಸುವುದು, ಅದೃಷ್ಟ ಗಟ್ಟಿಯಿದ್ದರೆ ಚಲನಚಿತ್ರ. ಇಂದು ಅಂಥದೇ ಯುವಕ ಸಂಜೆ ಮೊಬೈಲ್‌ನಲ್ಲಿ ಹಾಡನ್ನು ಚಿತ್ರೀಕರಿಸಿ ರಾತ್ರಿ ಯೂಟ್ಯೂಬ್‌ಗೆ ಏರಿಸಿದರೆ ಬೆಳಗಾಗುವಷ್ಟರಲ್ಲಿ ದುಬೈನಲ್ಲಿರುವ ಕನ್ನಡಿಗ ಅದನ್ನು ಕೇಳಬಹುದು. ಇದನ್ನು ಸಂಗೀತದ ಪ್ರಜಾಪ್ರಭುತ್ವ ಎಂದು ಬಣ್ಣಿಸಿದವರುಂಟು. ಕೇಳಿಸುವ ಮಟ್ಟಿಗೆ ಆ ಮಾತು ನಿಜ. ಆದರೆ ಹಾಡಿನ ಒಡೆತನ ಮತ್ತು ಆದಾಯದ ಮಟ್ಟಿಗೆ?

ಈ ಸೀಮೆಗೆ ಸಂಗೀತ ಹೊಸತಲ್ಲ. ಇದೇ ತಾಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಕಾವ್ಯಗಳು ಅವನನ್ನು ದೇವಾಲಯದ ಮದ್ದಳೆಗಾರನೆಂದು ಚಿತ್ರಿಸುತ್ತವೆ. ಅಂದಿನ ಮದ್ದಳೆಗಾರನನ್ನು ಸಾಕುತ್ತಿದ್ದುದು ಗುಡಿ. ಗುಡಿಯ ಸ್ಥಾನಕ್ಕೆ ಅರಮನೆ, ಅನಂತರ ರೇಡಿಯೋ, ಆಮೇಲೆ ಕ್ಯಾಸೆಟ್ ಕಂಪನಿ ಬಂದವು. ಪೋಷಕ ಬದಲಾದ, ಪೋಷಕನ ಅಗತ್ಯ ಬದಲಾಗಲಿಲ್ಲ.

ಕ್ಯಾಸೆಟ್ ಯುಗವನ್ನು ಇಂದು ಬಾಗಿಲು ಮುಚ್ಚಿದ್ದ ಕಾಲವೆಂದು ಹಳಿಯುವುದು ಸುಲಭ. ಆದರೆ ಸುಗಮ ಸಂಗೀತವನ್ನು ಮನೆಮನೆಗೆ ಒಯ್ದದ್ದು ಅದೇ. ಶಿವಮೊಗ್ಗದಲ್ಲಿ ಅಧ್ಯಾಪಕರಾಗಿದ್ದ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊಸ ಮಾರುಕಟ್ಟೆಯನ್ನೇ ಸೃಷ್ಟಿಸಿತು. ಹಾಗೆಂದು ಹಾಡುವವರೆಲ್ಲ ಹಾಡಿನಿಂದಲೇ ಬದುಕಿದರೆಂದಲ್ಲ. ‘ಕಾಡು ಕುದುರೆ’ ಚಿತ್ರದ ಗೀತೆಗಾಗಿ ರಾಷ್ಟ್ರಪ್ರಶಸ್ತಿ ಪಡೆದ, ಇದೇ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರಾಗಿದ್ದರು. 2022ರಲ್ಲಿ ಅವರು ನಿಧನರಾದಾಗ ಬಂದ ಶ್ರದ್ಧಾಂಜಲಿಗಳಲ್ಲಿ ಈ ಸಂಗತಿಯೂ ಸಹಜವೆಂಬಂತೆ ಸೇರಿಕೊಂಡಿತ್ತು. ರಾಷ್ಟ್ರಪ್ರಶಸ್ತಿ ಪಡೆದ ಗಾಯಕನಿಗೂ ಕರಿಕೋಟಿನ ಆಸರೆ ಇತ್ತೆಂಬುದನ್ನು ಅಂತರ್ಜಾಲದ ಕೊಡುಗೆಯನ್ನು ತೂಗುವವರು ಮರೆಯಬಾರದು.

ಅಂತರ್ಜಾಲದ ಕನ್ನಡ ಸಂಗೀತದ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ರಘು ದೀಕ್ಷಿತ್. ಅವರ ಕಥೆ ಜನರು ನೆನಪಿಟ್ಟಷ್ಟು ಸರಳವಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನೂ ಒಳಗೊಂಡ ಅವರ ಮೊದಲ ಗೀತಗುಚ್ಛ ಹೊರಬಂದದ್ದು 2008ರಲ್ಲಿ. ಹೊರತಂದದ್ದು ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ. 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಆ ಗುಚ್ಛ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. ಅಂದರೆ ಜನರನ್ನು ಸೆಳೆದದ್ದು ವೇದಿಕೆ ಮತ್ತು ದೂರದರ್ಶನ. ಸೆಳೆತಕ್ಕೆ ಒಳಗಾದವನು ಆ ಕ್ಷಣವೇ ಹಾಡನ್ನು ಕೊಳ್ಳುವಂತೆ ಮಾಡಿದ್ದು ಅಂತರ್ಜಾಲ. ಲಂಡನ್ನಿನ ಅಂಗಡಿಯಲ್ಲಿ ಕನ್ನಡದ ಸಿಡಿ ಹುಡುಕಿ ಹೊರಟವನಿಗೆ ಹಿಂದೆ ಇಂತಹ ಅನುಕೂಲವಿರಲಿಲ್ಲ.

ಈ ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಯೂಟ್ಯೂಬ್‌ನಲ್ಲಿ ರ‍್ಯಾಪ್ ಹಾಡುಗಳಿಂದ ಹೆಸರಾದ ಚಂದನ್ ಶೆಟ್ಟಿ ಮನೆಮಾತಾದದ್ದು 2018ರಲ್ಲಿ ಬಿಗ್ ಬಾಸ್ ಗೆದ್ದ ನಂತರ. ಬೆಳಗಾವಿ ಜಿಲ್ಲೆಯ ಜಾನಪದ ಗಾಯಕ ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಹಾಡು ಕೋಟಿಗಟ್ಟಲೆ ವೀಕ್ಷಣೆ ಕಂಡಿತು. 2025ರಲ್ಲಿ ಅವರೂ ಅದೇ ಮನೆಯ ಹೊಸ್ತಿಲು ದಾಟಿದರು. ಅಂತರ್ಜಾಲ ಗುರುತಿಸುತ್ತದೆ, ದೂರದರ್ಶನ ಮೊಹರು ಒತ್ತುತ್ತದೆ, ಜಾತ್ರೆಯ ರಸಮಂಜರಿ ವೇದಿಕೆ ಹಣ ಕೊಡುತ್ತದೆ. ನೇರವಾಗಿ ಅಂತರ್ಜಾಲದಿಂದಲೇ ಹಣ ಎತ್ತಿದ ಉದಾಹರಣೆಯೂ ಇಲ್ಲದಿಲ್ಲ: ಪವನ್ ಕುಮಾರ್ 27 ದಿನಗಳಲ್ಲಿ 51 ಲಕ್ಷ ರೂ. ಸಂಗ್ರಹಿಸಿ ಆರಂಭಿಸಿದ ‘ಲೂಸಿಯಾ’ (2013) ಪೂರ್ಣಚಂದ್ರ ತೇಜಸ್ವಿ ಎಂಬ ಹೊಸ ಸಂಗೀತ ನಿರ್ದೇಶಕರನ್ನು ಕೊಟ್ಟಿತು. ಆದರೆ ಅದು ಸಿನಿಮಾ. ಕೇವಲ ಸಂಗೀತಕ್ಕೆ ಕನ್ನಡಿಗರು ಆ ಪರಿಯಲ್ಲಿ ಕೈಬಿಚ್ಚಿದ್ದು ಅಪರೂಪ.

ಹಳ್ಳಿಯ ಮಟ್ಟಿಗೆ ನಿಜವಾದ ತಿರುವು 2016ರ ಸೆಪ್ಟೆಂಬರ್. ಜಿಯೋ ಬಂದು ದತ್ತಾಂಶದ ದರ ಕುಸಿದ ಮೇಲೆ ಕೇಳುಗನೂ ಹಳ್ಳಿಯವನೇ ಆದ. ಅದುವರೆಗೆ ಅಂತರ್ಜಾಲದ ಕನ್ನಡ ಸಂಗೀತವೆಂದರೆ ಬೆಂಗಳೂರು, ಮೈಸೂರು ಹಾಗೂ ಅನಿವಾಸಿ ಕನ್ನಡಿಗರ ವ್ಯವಹಾರವಾಗಿತ್ತು. ಡೊಳ್ಳು, ಭಜನೆ, ಲಾವಣಿ, ಯಕ್ಷಗಾನಗಳು ತಮ್ಮದೇ ಊರಿನ ಕೇಳುಗರನ್ನು ಮೊಬೈಲ್ ಪರದೆಯಲ್ಲಿ ಕಂಡುಕೊಂಡದ್ದು ಆಮೇಲೆ.

ಕಾಸಿನ ಲೆಕ್ಕ ಇಲ್ಲಿಂದ ಶುರು. ಯೂಟ್ಯೂಬ್ 2018ರಲ್ಲಿ ನಿಯಮ ಬಿಗಿಗೊಳಿಸಿ, ಜಾಹೀರಾತಿನ ಪಾಲು ಬೇಕಿದ್ದರೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇರಲೇಬೇಕೆಂದಿತು. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, 2024ರಿಂದ ವರ್ಷಕ್ಕೆ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಸಂಭಾವನೆಯನ್ನೇ ನಿಲ್ಲಿಸಿತು. ಧ್ವನಿಪರೀಕ್ಷೆಯ ಮಂಡಳಿ ಹೋಯಿತು, ಲೆಕ್ಕಯಂತ್ರ ಬಂದು ಕುಳಿತಿತು ಎನ್ನಬಹುದು. ಮಂಡಳಿಯಾದರೂ ಶ್ರುತಿ ಸರಿಯಿದೆಯೇ ಎಂದು ಆಲಿಸುತ್ತಿತ್ತು.

ಇದಕ್ಕಿಂತ ಗಂಭೀರವಾದುದು ಒಡೆತನದ ಪ್ರಶ್ನೆ. ಅಕ್ಕಮಹಾದೇವಿ ಶಿಕಾರಿಪುರದ ಸಮೀಪದ ಉಡುತಡಿಯವಳು. ಅವಳ ವಚನ ಯಾರೊಬ್ಬರ ಸ್ವತ್ತೂ ಅಲ್ಲ. ಶರೀಫರ ಪದಗಳೂ ಹಾಗೆಯೇ. ಯಾರು ಬೇಕಾದರೂ ಹಾಡಬಹುದು. ಆದರೆ ಹಾಡಿದ್ದನ್ನು ಮುದ್ರಿಸಿಕೊಂಡ ಕ್ಷಣ ಹೊಸ ಆಸ್ತಿಯೊಂದು ಹುಟ್ಟುತ್ತದೆ. ಭಾರತದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಮೊದಲ ಒಡೆಯ ಅದರ ನಿರ್ಮಾಪಕ, ಅಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನು. ಪ್ರಕಟವಾದ ನಂತರದ 60 ವರ್ಷ ಆ ಹಕ್ಕು ಅವನದು. ಕ್ಯಾಮೆರಾ ಹಿಡಿದು ಊರಿಗೆ ಬಂದು ಡೊಳ್ಳಿನ ಮೇಳವನ್ನೋ ಭಜನಾ ತಂಡವನ್ನೋ ಚಿತ್ರೀಕರಿಸಿ ತನ್ನ ಚಾನೆಲ್‌ಗೆ ಹಾಕಿಕೊಳ್ಳುವ ವ್ಯಕ್ತಿ ಬಾಯಿಮಾತಿನ ಒಪ್ಪಂದದಲ್ಲಿ ಆ ಸ್ಥಾನವನ್ನು ಸುಲಭವಾಗಿ ಪಡೆದುಬಿಡುತ್ತಾನೆ. ಮೇಳದವರಿಗೆ ಸಿಗುವುದು ಊಟ, ಒಂದು ಶಾಲು, ಹಂಚಿಕೊಳ್ಳಲು ಒಂದು ಕೊಂಡಿ. ವರ್ಷಗಟ್ಟಲೆ ಬರುವ ಜಾಹೀರಾತಿನ ಹಣ ಚಾನೆಲ್ ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಂಕ್ ಖಾತೆಗೆ.

ಕಾನೂನು ಕಲಾವಿದನನ್ನು ಸಂಪೂರ್ಣ ಮರೆತಿಲ್ಲ. 2012ರ ತಿದ್ದುಪಡಿ ಗೀತರಚನಕಾರರು ಮತ್ತು ಸಂಯೋಜಕರ ಸಂಭಾವನೆಯ ಪಾಲನ್ನು ಕಂಪನಿಗಳು ಒಪ್ಪಂದದ ಮೂಲಕ ಕಿತ್ತುಕೊಳ್ಳದಂತೆ ಕಾಪಾಡಿತು. ವಾಣಿಜ್ಯ ಬಳಕೆಯಲ್ಲಿ ಪ್ರದರ್ಶಕನಿಗೂ ಪಾಲಿದೆ ಎಂದಿತು. ಆದರೆ ಆ ಪಾಲನ್ನು ಸಂಗ್ರಹಿಸಿ ಹಂಚುವ ಸಂಘಗಳ ಸದಸ್ಯನಾಗದವನಿಗೆ ಅದು ತಲುಪುವ ಬಗೆ ಹೇಗೆ? ಸಿನಿಮಾ ರಂಗದ ಹೊರಗಿನ ಗಾಯಕರಿಗೆ ಇಂತಹ ಸಂಘಗಳ ಹೆಸರಾದರೂ ತಿಳಿದಿರಬೇಕಲ್ಲ. ಕಲಾತಂಡಗಳನ್ನು ಉತ್ಸವಗಳಿಗೆ ಆಹ್ವಾನಿಸುವ ಸರ್ಕಾರದ ಸಂಸ್ಕೃತಿ ಇಲಾಖೆ ತಂಡದ ಮುಖ್ಯಸ್ಥನಿಗೆ ಗೌರವಧನದ ಜೊತೆ ಒಂದು ಪುಟದ ಮಾದರಿ ಒಪ್ಪಂದಪತ್ರವನ್ನೂ ಕೊಟ್ಟರೆ ಬೊಕ್ಕಸಕ್ಕೆ ಆಗುವ ಖರ್ಚು ಕಾಗದದ್ದು ಮಾತ್ರ.

ಇನ್ನೊಂದು ತೊಡಕು ಯಂತ್ರದ್ದು. ಹಾಡುಗಳನ್ನು ತಾನೇ ಹೋಲಿಸಿ ನೋಡುವ ತಂತ್ರಾಂಶಕ್ಕೆ ಸಾಂಪ್ರದಾಯಿಕ ರಚನೆ ಯಾವುದು, ಕಂಪನಿಯ ಸ್ವತ್ತು ಯಾವುದು ಎಂಬ ವಿವೇಚನೆ ಇಲ್ಲ. 2020ರ ಲಾಕ್‌ಡೌನ್ ಅವಧಿಯಲ್ಲಿ ಮನೆಯಿಂದಲೇ ನೇರಪ್ರಸಾರ ಮಾಡಿದ ಕರ್ನಾಟಕ ಸಂಗೀತದ ಕಲಾವಿದರು, ಶತಮಾನಗಳ ಹಿಂದಿನ ಕೃತಿಗಳನ್ನು ಹಾಡಿಯೂ ಹಕ್ಕುಚ್ಯುತಿಯ ಹೆಸರಿನಲ್ಲಿ ತಡೆ ಎದುರಿಸಬೇಕಾಯಿತು. ಆಕ್ಷೇಪ ಸಲ್ಲಿಸಲು ಅವಕಾಶವಿದೆ. ಹಳ್ಳಿಯ ಭಜನಾ ತಂಡ ಆ ಅರ್ಜಿಯನ್ನು ತುಂಬುವುದೇ ಎಂಬುದು ಬೇರೆ ಮಾತು.

ವೇದಿಕೆಗಳ ಆಯುಷ್ಯವೂ ನಂಬಿಕೆಗೆ ಅರ್ಹವಲ್ಲ. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲಿ ಕೇಳುಗರನ್ನು ಕೂಡಿಸಿಕೊಂಡಿದ್ದ ಗಾಯಕರು ಒಂದೇ ರಾತ್ರಿಯಲ್ಲಿ ಅವರೆಲ್ಲರನ್ನೂ ಕಳೆದುಕೊಂಡರು. ಸ್ವತಂತ್ರ ಸಂಗೀತಗಾರರ ಮೊದಲ ಅಂತರ್ಜಾಲ ತವರು ಎನಿಸಿದ್ದ ಮೈಸ್ಪೇಸ್, 2003ರಿಂದ 2015ರವರೆಗೆ ಬಳಕೆದಾರರು ಏರಿಸಿದ್ದ ಸಂಗೀತವೆಲ್ಲ ಸರ್ವರ್ ಬದಲಾವಣೆಯ ವೇಳೆ ಅಳಿಸಿಹೋಗಿದೆ ಎಂದು 2019ರಲ್ಲಿ ಒಪ್ಪಿಕೊಂಡಿತು. ಹಾಗೆ ಹೋದ ಹಾಡುಗಳ ಸಂಖ್ಯೆ 5 ಕೋಟಿಗೂ ಹೆಚ್ಚೆಂದು ಅಂದಾಜಿಸಲಾಗಿತ್ತು. ಮೂಲ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡವರಿಗಷ್ಟೇ ತಮ್ಮ ಹಾಡು ಉಳಿಯಿತು.